ಅಡಿಕೆ ಸಿಪ್ಪೆಗೂ ಎಂಟುನೂರು ಡಿಗ್ರಿ ಕಾವಿಗೂ ಏನು ನಂಟು?

ಕೊಯ್ಲಿನ ತಿಂಗಳುಗಳಲ್ಲಿ ಚನ್ನಗಿರಿ ತಾಲ್ಲೂಕಿನ ಯಾವ ರಸ್ತೆ ಹಿಡಿದರೂ ಎರಡು ಬಗೆಯ ಬೆಂಕಿ ಕಣ್ಣಿಗೆ ಬೀಳುತ್ತದೆ. ಒಂದು, ಸುಲಿದ ಹಸಿ ಅಡಿಕೆಯನ್ನು ಬೇಯಿಸುವ ಹಂಡೆಯ ಕೆಳಗಿನದು. ಅದಕ್ಕೆ ಸೌದೆ ಬೇಕು, ಸೌದೆಗೆ ದುಡ್ಡು ಬೇಕು. ಇನ್ನೊಂದು, ರಸ್ತೆ ಪಕ್ಕ ಸುರಿದ ಅಡಿಕೆ ಸಿಪ್ಪೆಗೆ ಯಾರೋ ಕಡ್ಡಿ ಗೀರಿ ಹೋದದ್ದು. ಅದು ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಬೈಕಿನವರ ಕಣ್ಣಲ್ಲಿ ನೀರು ತರಿಸುವುದನ್ನು ಬಿಟ್ಟರೆ ಆ ಕಾವಿನಿಂದ ಯಾರಿಗೂ ಉಪಯೋಗವಿಲ್ಲ. ಹೊನ್ನಾಳಿ, ನ್ಯಾಮತಿ ಕಡೆಯ ನೀರಾವರಿ ಗದ್ದೆಗಳಿಂದ ರೈಸ್‌ಮಿಲ್ಲುಗಳ ಹಿಂದೆ ಭತ್ತದ ಹೊಟ್ಟು ಗುಡ್ಡೆ ಬೀಳುತ್ತದೆ. ಮಳೆಯನ್ನೇ ನಂಬಿದ ಜಗಳೂರಿನಲ್ಲಿ ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡುಗಳು ಕಣದ ಅಂಚಿಗೆ ಸೇರುತ್ತವೆ. ದಾವಣಗೆರೆ ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳಿಗೆ ಬೆಳೆ ಬೇರೆ, ಮಣ್ಣು ಬೇರೆ, ನೀರಿನ ಹಣೆಬರಹ ಬೇರೆ. ಆದರೆ ಬೆಳೆಯ ಜೊತೆ ಬರುವ ಒಣ ಕಸದ ವಿಷಯದಲ್ಲಿ ಎಲ್ಲರದೂ ಒಂದೇ ಕತೆ. ಹೆಚ್ಚು ಕಾವಿನಲ್ಲಿ ಕೆಲಸ ಮಾಡುವ ಇಂಧನಕೋಶ, ಶಕ್ತಿ ಸಂಗ್ರಹದ ವಸ್ತುಗಳು ಎಂದೊಡನೆ ನಮ್ಮಲ್ಲಿ ಮಾತು ಬೆಂಗಳೂರಿನ ಪ್ರಯೋಗಾಲಯಕ್ಕೋ ಹೈಡ್ರೋಜನ್ ಕಾರಿಗೋ ಹೊರಳುತ್ತದೆ. ಆ ಸಂಶೋಧನೆಯ ಅತಿ ಕಷ್ಟದ, ಹಾಗಾಗಿಯೇ ಅತಿ ಬೆಲೆಯುಳ್ಳ ಪ್ರಶ್ನೆ ಇರುವುದು ಈ ಸಿಪ್ಪೆ, ಹೊಟ್ಟು, ದಿಂಡುಗಳಲ್ಲಿ ಎಂಬುದು ಈ ಲೇಖನದ ವಾದ. ಆ ಪ್ರಶ್ನೆಯನ್ನು ಕೇಳಬೇಕಾದವರು ಇಲ್ಲಿಂದ ಬಸ್ಸಿನ ದೂರದಲ್ಲಿರುವ ವಿಶ್ವವಿದ್ಯಾಲಯಗಳವರು.

ಮೊದಲು ಯಂತ್ರದ ವಿಚಾರ. ಇಂಧನವನ್ನು ಸುಡದೆ, ಅದು ಆಮ್ಲಜನಕದೊಡನೆ ಸೇರುವಾಗ ಬಿಡುಗಡೆಯಾಗುವ ಶಕ್ತಿಯನ್ನು ನೇರವಾಗಿ ವಿದ್ಯುತ್ತಾಗಿ ಪಡೆಯುವ ಸಾಧನವೇ ಇಂಧನಕೋಶ. ಹೈಡ್ರೋಜನ್ ಮತ್ತು ಆಮ್ಲಜನಕದಿಂದ ಹೀಗೆ ವಿದ್ಯುತ್ ಬರುತ್ತದೆಂದು ಬ್ರಿಟನ್ನಿನ ವಿಲಿಯಂ ಗ್ರೋವ್ ತೋರಿಸಿದ್ದು 1839ರ ಹೊತ್ತಿಗೆ. ಕಾವಿನ ಕತೆ ಶುರುವಾದದ್ದು ಅದಾದ ಅರ್ಧ ಶತಮಾನದ ಮೇಲೆ, ಒಂದು ದೀಪದಿಂದ. ಜರ್ಮನಿಯ ವಾಲ್ಥರ್ ನೆರ್ನ್ಸ್ಟ್ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ಆಕ್ಸೈಡಿಗೆ ಯಿಟ್ರಿಯಾ ಬೆರೆಸಿ ಕಡ್ಡಿ ಮಾಡಿದ. ತಣ್ಣಗಿದ್ದಾಗ ವಿದ್ಯುತ್ತನ್ನು ಒಳಬಿಡದ ಆ ಕಡ್ಡಿ ಕಾಯಿಸಿದರೆ ವಿದ್ಯುತ್ ಹರಿಸಿ ಝಗ್ಗೆಂದು ಬೆಳಗುತ್ತಿತ್ತು. ಕಾರಣ ಸ್ವಾರಸ್ಯದ್ದು. ಜಿರ್ಕೋನಿಯಂ ಪರಮಾಣು ಕೂರುವ ಜಾಗದಲ್ಲಿ ಯಿಟ್ರಿಯಂ ಬಂದು ಕೂತಾಗ ಆವೇಶದ ಲೆಕ್ಕ ತಪ್ಪುತ್ತದೆ. ಅದನ್ನು ಸರಿದೂಗಿಸಲು ಹರಳಿನಲ್ಲಿ ಅಲ್ಲಲ್ಲಿ ಆಮ್ಲಜನಕದ ಸ್ಥಾನ ಖಾಲಿ ಉಳಿಯುತ್ತದೆ. ಸಾಕಷ್ಟು ಕಾವು ಕೊಟ್ಟರೆ ಪಕ್ಕದ ಆಮ್ಲಜನಕದ ಅಯಾನು ಆ ಖಾಲಿ ಜಾಗಕ್ಕೆ ಜಿಗಿಯುತ್ತದೆ, ಅದು ಬಿಟ್ಟ ಜಾಗಕ್ಕೆ ಮತ್ತೊಂದು. ಹೀಗೆ ಗಟ್ಟಿ ಪಿಂಗಾಣಿಯೊಳಗೆ ಆಮ್ಲಜನಕ ನಡೆದು ಹೋಗುತ್ತದೆ. ಇದನ್ನೇ ಬಳಸಿ 1937ರಲ್ಲಿ ಸ್ವಿಟ್ಜರ್‌ಲೆಂಡಿನ ಬೌರ್ ಮತ್ತು ಪ್ರೈಸ್ ಎಂಬಿಬ್ಬರು ಸುಮಾರು ಸಾವಿರ ಡಿಗ್ರಿಯಲ್ಲಿ ಕೆಲಸ ಮಾಡುವ ಮೊದಲ ಘನ ಆಕ್ಸೈಡ್ ಇಂಧನಕೋಶವನ್ನು ನಡೆಸಿ ತೋರಿಸಿದರು. ಇಂದಿನ ಕೋಶಗಳೂ ಬಹುಪಾಲು ಅದೇ ಜಿರ್ಕೋನಿಯಾವನ್ನು ಬಳಸುತ್ತವೆ. ಒಂದು ಮಗ್ಗುಲಿಗೆ ನಿಕಲ್ ಬೆರೆತ ಪದರ, ಇನ್ನೊಂದು ಮಗ್ಗುಲಿಗೆ ಲ್ಯಾಂಥನಂ, ಸ್ಟ್ರಾನ್ಷಿಯಂ, ಮ್ಯಾಂಗನೀಸ್ ಸೇರಿದ ಆಕ್ಸೈಡಿನ ಪದರ. ಕಾವು ಮಾತ್ರ ಸಾವಿರದಿಂದ ಎಂಟುನೂರಕ್ಕೆ, ಕೆಲವುಗಳಲ್ಲಿ ಆರುನೂರಕ್ಕೆ ಇಳಿದಿದೆ.

ಇಷ್ಟು ಕಾವು ಯಾಕೆ ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಕಾರುಗಳಲ್ಲಿ ಬಳಸುವ, ನೂರು ಡಿಗ್ರಿಗಿಂತ ಕೆಳಗೆ ಕೆಲಸ ಮಾಡುವ ಕೋಶಗಳಿಗೆ ಪ್ಲಾಟಿನಂ ಬೇಕು. ಅಷ್ಟು ತಂಪಿನಲ್ಲಿ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸಲು ಅಗ್ಗದ ಲೋಹಗಳಿಂದ ಆಗದು. ಎಂಟುನೂರು ಡಿಗ್ರಿಯಲ್ಲಿ ಕಾವೇ ಆ ಕೆಲಸ ಮಾಡುವುದರಿಂದ ನಿಕಲ್ ಸಾಕು. ಎರಡನೆಯದು ನಮ್ಮ ವಾದಕ್ಕೆ ಇನ್ನೂ ಹತ್ತಿರದ್ದು. ತಂಪು ಕೋಶದ ಪ್ಲಾಟಿನಮ್ಮಿಗೆ ಇಂಗಾಲದ ಮಾನಾಕ್ಸೈಡ್ ವಿಷ. ಹತ್ತು ಲಕ್ಷದಲ್ಲಿ ಹತ್ತಾರು ಭಾಗ ಇದ್ದರೂ ಕೋಶ ಮಂಕಾಗುತ್ತದೆ. ಹಾಗಾಗಿ ಅದಕ್ಕೆ ಊಟ ಶುದ್ಧ ಹೈಡ್ರೋಜನ್ನೇ ಆಗಬೇಕು. ಬಿಸಿ ಕೋಶಕ್ಕೆ ಅದೇ ಮಾನಾಕ್ಸೈಡ್ ಆಹಾರ. ಸೌದೆಯನ್ನೋ ದಿಂಡನ್ನೋ ಗಾಳಿ ಸಾಲದಂತೆ ಅರೆಬರೆ ಸುಟ್ಟಾಗ ಬರುವ ಅನಿಲದಲ್ಲಿ ಸುಮಾರು ಐದನೇ ಒಂದು ಪಾಲು ಹೈಡ್ರೋಜನ್, ಹೆಚ್ಚುಕಡಿಮೆ ಅಷ್ಟೇ ಮಾನಾಕ್ಸೈಡ್, ಒಂದಿಷ್ಟು ಮೀಥೇನ್ ಇರುತ್ತವೆ. ಉಳಿದದ್ದು ಹೆಚ್ಚಾಗಿ ಗಾಳಿಯ ನೈಟ್ರೋಜನ್. ಶುದ್ಧ ಹೈಡ್ರೋಜನ್ನನ್ನೇ ಬೇಡುವ ಯಂತ್ರ ಜಗಳೂರಿಗೆ ಬರಬೇಕಾದರೆ ಅದರ ಹಿಂದೆ ಕಾರ್ಖಾನೆ, ಟ್ಯಾಂಕರು, ಒತ್ತಡದ ಸಿಲಿಂಡರು ಎಲ್ಲ ಬರಬೇಕು. ದಿಂಡಿನ ಅನಿಲವನ್ನು ತಿನ್ನಬಲ್ಲ ಯಂತ್ರಕ್ಕೆ ಇಂಧನ ಕಣದಲ್ಲೇ ಇದೆ.

ಇಲ್ಲೊಂದು ವಿಚಿತ್ರವಿದೆ. ಯಾವ ಪ್ಲಾಟಿನಮ್ಮಿನ ಹಂಗನ್ನು ಬಿಸಿ ಕೋಶ ಕಳೆದುಕೊಂಡಿತೋ ಅದೇ ಪ್ಲಾಟಿನಂ ಗುಂಪಿನ ಲೋಹಗಳು ಚನ್ನಗಿರಿ ಸೀಮೆಯ ಕಲ್ಲಿನಲ್ಲಿವೆ. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದಾದ ಇಲ್ಲಿನ ಶಿಲಾಪಟ್ಟಿಯ ಹನುಮಲಾಪುರ ಭಾಗದಲ್ಲಿ ಅವು ಇರುವುದನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನಿ ಟಿ.ಸಿ. ದೇವರಾಜು ಅವರು ಫಿನ್ಲೆಂಡಿನ ಸಹೋದ್ಯೋಗಿಗಳೊಡನೆ 1990ರ ದಶಕದಿಂದ ಪ್ರಕಟಿಸುತ್ತ ಬಂದರು. ಉಬ್ರಾಣಿ, ಮಸಣಿಕೆರೆ ಸುತ್ತಿನ ಕಬ್ಬಿಣದ ಅದಿರಿನಲ್ಲಿ ಟೈಟಾನಿಯಂ ಜೊತೆ ವನೇಡಿಯಂ ಇರುವುದು ಅದಕ್ಕೂ ಹಿಂದಿನಿಂದ ಭೂವಿಜ್ಞಾನಿಗಳಿಗೆ ಗೊತ್ತು. ವನೇಡಿಯಂ ಎಂದರೆ ಶಕ್ತಿ ಸಂಗ್ರಹದವರ ಕಿವಿ ನಿಮಿರುತ್ತದೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಮರಿಯಾ ಸ್ಕಿಲ್ಲಾಸ್-ಕಜಾಕೋಸ್ ರೂಪಿಸಿದ ಹರಿವು ಬ್ಯಾಟರಿಯಲ್ಲಿ ವನೇಡಿಯಂ ದ್ರಾವಣವೇ ವಿದ್ಯುತ್ತನ್ನು ಹಿಡಿದಿಡುವುದು. ಎರಡು ತೊಟ್ಟಿ, ನಡುವೆ ಒಂದು ಪೊರೆ, ಎರಡು ಪಂಪು. ಚೀನಾದ ದಾಲಿಯನ್‌ನಲ್ಲಿ 2022ರಲ್ಲಿ ಇಂಥ 100 ಮೆಗಾವಾಟಿನ ಸ್ಥಾವರವೇ ಶುರುವಾಗಿದೆ. ಹೀಗಿರುವಾಗ ‘ನಮ್ಮ ನೆಲದಲ್ಲೇ ನಿಧಿಯಿದೆ, ಅಗೆಯೋಣ’ ಎಂಬ ಉತ್ಸಾಹ ಏಳುವುದು ಸಹಜ. ಅಪರೂಪದ ಖನಿಜಗಳ ಮಾತು ದೇಶದಾದ್ಯಂತ ನಡೆಯುತ್ತಿರುವ ಈ ದಿನಗಳಲ್ಲಂತೂ ಇದಕ್ಕೆ ತುಸು ಹೆಚ್ಚೇ ಗಾಳಿ ಸಿಗುತ್ತದೆ.

ಆ ಉತ್ಸಾಹವನ್ನು ಸ್ವಲ್ಪ ಲೆಕ್ಕಕ್ಕೆ ಹಚ್ಚಿ ನೋಡಬೇಕು. ವನೇಡಿಯಂ ಬ್ಯಾಟರಿಯಲ್ಲಿ ಒಂದು ಯೂನಿಟ್ ವಿದ್ಯುತ್ ಹಿಡಿದಿಡಲು 40ರಿಂದ 60 ಲೀಟರ್ ದ್ರಾವಣ ಬೇಕು. ಲೀಟರಿಗೆ 80 ಗ್ರಾಂ ಆಸುಪಾಸು ಲೋಹ. ಅಂದರೆ ಯೂನಿಟ್ಟಿಗೆ 3ರಿಂದ 5 ಕಿಲೋ ಲೋಹ, ಆಕ್ಸೈಡಿನ ಲೆಕ್ಕದಲ್ಲಿ 6ರಿಂದ 9 ಕಿಲೋ. ಜಗತ್ತಿನಲ್ಲಿ ಇಂಥ ಅದಿರುಗಳಲ್ಲಿ ಆ ಆಕ್ಸೈಡ್ ಇರುವುದು ಸಾಮಾನ್ಯವಾಗಿ ಶೇ 0.2ರಿಂದ 1ರಷ್ಟು. ಒಂದು ಕಣವೂ ಪೋಲಾಗದೆ ತೆಗೆದರೂ ಟನ್ ಕಲ್ಲಿಗೆ ಸಿಗುವುದು 2ರಿಂದ 10 ಕಿಲೋ. ಒಂದು ಯೂನಿಟ್ ಸಂಗ್ರಹಕ್ಕೆ ಒಂದು ಟನ್ ಕಲ್ಲು ಎಂದಿಟ್ಟುಕೊಂಡರೂ ಅದು ಉದಾರದ ಲೆಕ್ಕವೇ. ಹತ್ತು ಅಶ್ವಶಕ್ತಿಯ ಪಂಪ್‌ಸೆಟ್ ಏಳು ಗಂಟೆ ಓಡಿದರೆ ಐವತ್ತು ಯೂನಿಟ್ ದಾಟುತ್ತದೆ. ಒಂದು ತೋಟದ ಒಂದು ರಾತ್ರಿಯ ನೀರಿಗೆ ಐವತ್ತು ಟನ್ ಕಲ್ಲು. ವನೇಡಿಯಂ ಸವೆಯುವುದಿಲ್ಲ, ಅದೇ ದ್ರಾವಣ ದಶಕಗಟ್ಟಲೆ ಬಾಳುತ್ತದೆ ಎಂಬುದನ್ನೂ ಹೇಳಬೇಕು. ಹಾಗಾಗಿ ಕಲ್ಲಿನ ಲೆಕ್ಕ ಒಮ್ಮೆ ಮಾತ್ರ ತೆರುವ ಬೆಲೆ. ಆದರೂ ಆ ಬೆಲೆಯೊಳಗೆ ಅದಿರನ್ನು ಪುಡಿ ಮಾಡಿ, ಸೋಡಾ ಬೆರೆಸಿ ಹುರಿದು, ನೀರಿನಲ್ಲಿ ತೊಳೆದು, ಉಳಿದ ರಾಶಿಯನ್ನು ಎಲ್ಲಿಗೋ ಸುರಿಯುವ ಕೆಲಸವಿದೆ. ಸೂಳೆಕೆರೆಯ ನೀರನ್ನು ನೆಚ್ಚಿದ ಸೀಮೆ ಇದು. ಪ್ಲಾಟಿನಮ್ಮಿನದಂತೂ ಟನ್ನಿಗೆ ಗ್ರಾಂಗಳ ಲೆಕ್ಕದ ವ್ಯವಹಾರ. ಗಣಿ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ಗಣಿಗಾರಿಕೆಯ ಲಾಭನಷ್ಟದ ಪ್ರಶ್ನೆ. ಒಂದು ವಸ್ತು ಈ ನೆಲದಡಿ ಇದೆ ಎಂದ ಮಾತ್ರಕ್ಕೆ ಅದರ ಸಂಶೋಧನೆ ಈ ಊರಿನದಾಗುವುದಿಲ್ಲ. ಇಲ್ಲಿನ ಕಲ್ಲು ರೈಲು ಹತ್ತಿ ಎಲ್ಲಿಗೂ ಹೋಗಬಲ್ಲದು. ಟನ್ನುಗಟ್ಟಲೆ ಒಣ ಸಿಪ್ಪೆಗೆ ಲಾರಿ ಬಾಡಿಗೆಯೂ ಗಿಟ್ಟುವುದಿಲ್ಲ, ಹಾಗಾಗಿ ಯಂತ್ರವೇ ಸಿಪ್ಪೆ ಇರುವಲ್ಲಿಗೆ ಬರಬೇಕು.

ಸಂಗ್ರಹ ಎಂದರೆ ಎಷ್ಟು ಹೊತ್ತಿನ ಸಂಗ್ರಹ ಎಂಬುದನ್ನು ಕೇಳದೆ ಈ ಚರ್ಚೆ ಮುಂದೆ ಹೋಗದು. ಮಧ್ಯಾಹ್ನದ ಬಿಸಿಲನ್ನು ಸಂಜೆಗೆ ಉಳಿಸಿಕೊಳ್ಳಲು ಲಿಥಿಯಂ ಬ್ಯಾಟರಿಯನ್ನು ಮೀರಿಸುವುದು ಇವತ್ತು ಕಷ್ಟ. ಹಾಕಿದ ನೂರು ಯೂನಿಟ್ಟಿನಲ್ಲಿ 85ರಿಂದ 90 ಹಿಂದಿರುಗುತ್ತದೆ, ಬೆಲೆಯೂ ಇಳಿಯುತ್ತಿದೆ. ಅದರ ಜಾಗಕ್ಕೆ ಸೋಡಿಯಂ ತರುವ ಪ್ರಯತ್ನವೂ ಜೋರಾಗಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ಆರು ನಿಮಿಷದಲ್ಲಿ ಶೇ 80 ತುಂಬಿಕೊಳ್ಳುವ ಸೋಡಿಯಂ ಬ್ಯಾಟರಿಯನ್ನು 2025ರಲ್ಲಿ ಪ್ರಕಟಿಸಿದರು. ಶರಾವತಿ ಕಣಿವೆಯಲ್ಲಿ ನೀರನ್ನು ಮೇಲೆತ್ತಿ ಇಡುವ 2,000 ಮೆಗಾವಾಟಿನ ಯೋಜನೆಯನ್ನು ಸರ್ಕಾರ ಮುಂದಿಟ್ಟಿದೆ, ಕಾಡು ಉಳಿಯಬೇಕೆನ್ನುವವರು ಎದುರು ನಿಂತಿದ್ದಾರೆ. ಇವೆಲ್ಲ ಗಂಟೆಗಳ ಸಂಗ್ರಹ. ಆದರೆ ಜಗಳೂರು, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಿರುಸಾಗಿ ತಿರುಗುವುದು ಮುಂಗಾರಿನ ತಿಂಗಳುಗಳಲ್ಲಿ, ತೋಟಕ್ಕೆ ನೀರು ಹೆಚ್ಚು ಬೇಕಾಗುವುದು ಮಾರ್ಚ್, ಏಪ್ರಿಲ್‌ನಲ್ಲಿ. ತಿಂಗಳುಗಟ್ಟಲೆ ವಿದ್ಯುತ್ತನ್ನು ಬ್ಯಾಟರಿಯಲ್ಲಿ ತುಂಬಿಡುವುದು ಯಾವ ಲೆಕ್ಕಕ್ಕೂ ಬಾರದ ಮಾತು. ಬಣವೆಯಂತೆ ಒಟ್ಟಿಟ್ಟ ದಿಂಡು ಮಾತ್ರ ಆ ಕೆಲಸವನ್ನು ಆಗಲೇ ಮಾಡುತ್ತಿದೆ: ಮುಂಗಾರಿನ ಬಿಸಿಲನ್ನು ಹೀರಿಕೊಂಡು, ಒಂದು ತಗಡಿನ ಸೂರು ಸಿಕ್ಕರೆ ವರ್ಷಗಟ್ಟಲೆ ಹಾಳಾಗದೆ, ಕಿಲೋಗೆ ಸುಮಾರು ನಾಲ್ಕು ಯೂನಿಟ್ಟಿನಷ್ಟು ಶಾಖವನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಿದ್ದಿದೆ. ತುಂಬುವ ಖರ್ಚೇ ಇಲ್ಲದ ಸಂಗ್ರಹ. ಕೊರತೆಯಿರುವುದು ಅದನ್ನು ಹಿಂದೆ ಪಡೆಯುವ ಯಂತ್ರದಲ್ಲಿ.

ಆ ಯಂತ್ರ ಹೊಸದೇನಲ್ಲ, ಎಂದೋ ಸೋತದ್ದು ಎಂಬುದು ಮೊದಲ ಆಕ್ಷೇಪ. ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅಮೂಲ್ಯ ರೆಡ್ಡಿಯವರು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ‘ಅಸ್ತ್ರ’ ತಂಡ, ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆಯ ಅನಿಲದಿಂದ ಎಂಜಿನ್ ಓಡಿಸಿ ಊರಿಗೆ ದೀಪ ಹಚ್ಚಿತು; ಮುಂದೆ 20 ಕಿಲೋವಾಟಿಗೆ ಹಿಗ್ಗಿದ ಆ ಘಟಕ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ, ನೀರಾವರಿ ಎಲ್ಲಕ್ಕೂ ಒದಗಿತು. ಹತ್ತು ವರ್ಷಕ್ಕೂ ಹೆಚ್ಚು ನಡೆದದ್ದು ಕೊನೆಗೆ ನಿಂತಿತು, ಅಂಥವು ಊರೂರಿಗೆ ಹಬ್ಬಲೂ ಇಲ್ಲ. ಸೋಲಿಗೆ ಕಾರಣವನ್ನು ಯಂತ್ರಶಾಸ್ತ್ರದಲ್ಲಿ ಮಾತ್ರ ಹುಡುಕಿದರೆ ತಪ್ಪುತ್ತೇವೆ. ಗ್ರಿಡ್ ಬಂತು, ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ ಪುಕ್ಕಟೆ ವಿದ್ಯುತ್ ಬಂತು. ಪುಕ್ಕಟೆ ಸಿಗುವ ವಸ್ತುವನ್ನು ತಯಾರಿಸಿ ಮಾರಲು ಹೊರಟ ಯಾವ ಯಂತ್ರವೂ ಉಳಿಯುವುದಿಲ್ಲ. ಇದರಿಂದ ಕಲಿಯಬೇಕಾದ್ದು ಒಂದಿದೆ: ಈ ಸೀಮೆಯಲ್ಲಿ ವಿದ್ಯುತ್ತಿಗೆ ಗಿರಾಕಿ ಇಲ್ಲ, ಕಾವಿಗೆ ಇದ್ದಾನೆ. ಅಡಿಕೆ ಬೇಯಿಸುವವನು ಸೌದೆಗೆ ಕೈಯಿಂದ ದುಡ್ಡು ಕೊಡುತ್ತಾನೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಮೆಕ್ಕೆಜೋಳ ಒಣಗಿಸಲಾಗದೆ ಬೂಸ್ಟು ಹಿಡಿಸಿಕೊಂಡವನು ತೇವಾಂಶದ ಹೆಸರಿನಲ್ಲಿ ಮಂಡಿಯಲ್ಲಿ ದರ ಕಳೆದುಕೊಳ್ಳುತ್ತಾನೆ. ಬಿಸಿ ಇಂಧನಕೋಶ ಇಂಧನದ ಅರ್ಧವನ್ನು ವಿದ್ಯುತ್ತಾಗಿಸಿದ ಮೇಲೂ ಅದರ ಹಿಂಬಾಗಿಲಿನಿಂದ ಬರುವ ಗಾಳಿ ನೀರು ಕುದಿಸುವಷ್ಟು ಬಿಸಿಯಾಗಿರುತ್ತದೆ. ಜಪಾನಿನಲ್ಲಿ 2009ರಿಂದ ಮಾರಾಟವಾಗುತ್ತ ಲಕ್ಷಗಟ್ಟಲೆ ಮನೆ ಸೇರಿರುವ ಪುಟ್ಟ ಇಂಧನಕೋಶಗಳು ಗೆದ್ದದ್ದೂ ವಿದ್ಯುತ್ತಿನಿಂದಷ್ಟೇ ಅಲ್ಲ, ಸ್ನಾನದ ಬಿಸಿನೀರಿನಿಂದ.

ಹಾಗಿದ್ದರೆ ಕೋಶ ಯಾಕೆ, ಸಿಪ್ಪೆಯನ್ನು ಒಳ್ಳೆಯ ಒಲೆಯಲ್ಲಿ ಸುಟ್ಟು ಅಡಿಕೆ ಬೇಯಿಸಿದರಾಗದೇ ಎಂದು ಯಾರಾದರೂ ಕೇಳಿದರೆ, ಆಗುತ್ತದೆ ಎಂದೇ ಉತ್ತರ. ನಾಳೆಯೇ ಮಾಡಬಹುದಾದ ಕೆಲಸ ಅದು, ಅದಕ್ಕೆ ಸಂಶೋಧನೆಯೂ ಬೇಡ. ಆದರೆ ಕುದಿಯುವ ನೀರಿಗೆ ಬೇಕಾದದ್ದು ನೂರು ಡಿಗ್ರಿ. ಸಿಪ್ಪೆಯ ಬೆಂಕಿ ಕೊಡಬಲ್ಲದ್ದು ಅದರ ಹಲವು ಪಟ್ಟು. ಮೇಲಿನ ಕಾವಿನಲ್ಲಿ ವಿದ್ಯುತ್ ತೆಗೆದುಕೊಂಡು ಕೆಳಗಿನ ಕಾವಿನಲ್ಲಿ ಬೇಯಿಸಿದರೆ ಒಂದೇ ಕಿಲೋ ಸಿಪ್ಪೆ ಎರಡು ಕೆಲಸ ಮಾಡುತ್ತದೆ. ಎಂಜಿನ್ನಿನಲ್ಲಿ ಒಂದು ಯೂನಿಟ್ಟಿಗೆ ಒಂದು ಕಿಲೋ ಮೇಲ್ಪಟ್ಟು ಒಣ ಇಂಧನ ಬೇಕು. ಅನಿಲವಾಗಿಸುವಾಗ ಕಾಲು ಭಾಗದವರೆಗೆ ಕಳೆದುಕೊಂಡರೂ ಬಿಸಿ ಕೋಶದಲ್ಲಿ ಅದೇ ಕಿಲೋದಿಂದ ಒಂದೂವರೆ ಯೂನಿಟ್ ಬರಬೇಕು, ಅದರ ಮೇಲೆ ಹಂಡೆಗೆ ಶಾಖ. ಲೆಕ್ಕ ಹೀಗೆ ಹೇಳುತ್ತದೆ. ಲೆಕ್ಕ ನಿಜವಾಗದಂತೆ ತಡೆಯುವುದು ಬೂದಿ.

ಇಡೀ ವಿಷಯದ ಗಂಟು ಇರುವುದೇ ಅಲ್ಲಿ. ಬಿಸಿ ಕೋಶ ಮಾನಾಕ್ಸೈಡನ್ನು ತಿಂದು ಅರಗಿಸಿಕೊಳ್ಳುತ್ತದೆ, ನಿಜ. ಆದರೆ ಅದಕ್ಕೂ ಬೇರೆ ವಿಷಗಳಿವೆ. ಗಂಧಕದ ಅನಿಲ ಹತ್ತು ಲಕ್ಷದಲ್ಲಿ ಕೆಲವೇ ಭಾಗ ಸೇರಿದರೂ ನಿಕಲ್ ಮೇಲ್ಮೈಗೆ ಅಂಟಿ ಕೂರುತ್ತದೆ. ಡಾಂಬರಿನಂಥ ಭಾರದ ಆವಿಗಳು ಒಡೆದು ಮಸಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ. ಗಿಡದೊಳಗಿನ ಪೊಟ್ಯಾಸಿಯಂ, ಕ್ಲೋರಿನ್ ಜೊತೆ ಸೇರಿ ಆವಿಯಾಗಿ ಹಾರಿ, ಮುಂದೆ ತಣ್ಣಗಾದಲ್ಲಿ ಲವಣವಾಗಿ ಕೂರುತ್ತದೆ. ಸಿಲಿಕಾ ಕೂಡ ಹಬೆಯಿದ್ದ ಕಡೆ ಸೂಕ್ಷ್ಮ ಪ್ರಮಾಣದಲ್ಲಿ ಹಾರಿ ಕೋಶದ ಚುರುಕಿನ ಜಾಗಗಳ ಮೇಲೆ ಗಾಜಿನ ಪೊರೆ ಎಳೆಯುತ್ತದೆ. ಈಗ ನಮ್ಮ ನಾಲ್ಕು ತಾಲ್ಲೂಕುಗಳ ಕಸವನ್ನು ನೋಡಿ. ಭತ್ತದ ಹೊಟ್ಟಿನಲ್ಲಿ ಐದನೇ ಒಂದು ಪಾಲು ಬೂದಿ, ಆ ಬೂದಿಯಲ್ಲಿ ಬಹುಪಾಲು ಸಿಲಿಕಾ. ಮೆಕ್ಕೆಜೋಳದ ದಿಂಡಿನಲ್ಲಿ ಬೂದಿ ಕಡಿಮೆ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಅಡಿಕೆ ಸಿಪ್ಪೆಯ ನಾರು ಹಗುರ, ಉದ್ದುದ್ದ. ಅನಿಲ ಮಾಡುವ ಕುಲುಮೆಯಲ್ಲಿ ಸಲೀಸಾಗಿ ಇಳಿಯದೆ ಸಿಕ್ಕಿಕೊಳ್ಳುತ್ತದೆ, ಇಟ್ಟಿಗೆ ಒತ್ತಿ ಹಾಕಬೇಕಾದೀತು. ಗೊಬ್ಬರ ಬದಲಾದರೆ, ಬೋರಿನ ನೀರಿನ ಉಪ್ಪು ಬದಲಾದರೆ ಬೂದಿಯೂ ಬದಲಾಗುತ್ತದೆ. ನಾಲೆ ನೀರಿನ ತೋಟದ ಸಿಪ್ಪೆಗೂ ಆಳದ ಬೋರಿನ ನೀರು ಕುಡಿದ ತೋಟದ ಸಿಪ್ಪೆಗೂ ಕ್ಲೋರಿನ್ ಒಂದೇ ಇರಬೇಕೆಂದಿಲ್ಲ. ಇದನ್ನು ಜರ್ಮನಿಯವರು ಅಳೆಯುವುದಿಲ್ಲ, ಜಪಾನಿನವರು ಅಳೆಯುವುದಿಲ್ಲ. ಜರ್ಮನಿಯ ಯೂಲಿಷ್‌ನ ಸಂಶೋಧನಾ ಕೇಂದ್ರದಲ್ಲಿ 2007ರಲ್ಲಿ ಚಾಲೂ ಮಾಡಿದ ಕೋಶ ಹತ್ತು ವರ್ಷ ಮೀರಿ ಓಡಿತು ಎಂಬುದು ಈ ಕ್ಷೇತ್ರದ ಹೆಮ್ಮೆಯ ಸುದ್ದಿ. ಅದು ಓಡಿದ್ದು ಪ್ರಯೋಗಾಲಯದ ಹೈಡ್ರೋಜನ್ ಕುಡಿದು. ದಿಂಡಿನ ಅನಿಲ ಕುಡಿದ ಕೋಶ ಎಷ್ಟು ದಿನ ಬಾಳುತ್ತದೆ, ಮೊದಲು ಸಾಯುವುದು ಅದರ ಯಾವ ಪದರ, ಯಾವ ಅಗ್ಗದ ಸೋಸುವಿಕೆ ಅದನ್ನು ಉಳಿಸುತ್ತದೆ ಎಂಬುದು ಇಲ್ಲಿಯ ಪ್ರಶ್ನೆ.

ಈ ಪ್ರಶ್ನೆಯನ್ನು ಕೇಳಬೇಕಾದವರಲ್ಲಿ ಶಿವಗಂಗೋತ್ರಿಯ ದಾವಣಗೆರೆ ವಿಶ್ವವಿದ್ಯಾಲಯ 2009ರದು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ 1987ರದು. ಸಣ್ಣ ವಿಶ್ವವಿದ್ಯಾಲಯಗಳಲ್ಲಿ ಇಂಥ ಕೆಲಸ ಆಗದು, ಅದಕ್ಕೆ ಕೋಟಿಗಟ್ಟಲೆ ಬೆಲೆಯ ಉಪಕರಣ ಬೇಕು ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಉತ್ತರವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಸಿ. ಪಾಟೀಲರು ತಮ್ಮ ವಿದ್ಯಾರ್ಥಿ ಕಿಂಗ್ಸ್ಲಿ ಜೊತೆ 1988ರಲ್ಲಿ ಒಂದು ವಿಧಾನ ಪ್ರಕಟಿಸಿದರು: ಲೋಹದ ನೈಟ್ರೇಟನ್ನು ಯೂರಿಯಾ ಜೊತೆ ನೀರಿನಲ್ಲಿ ಕರಗಿಸಿ ಐನೂರು ಡಿಗ್ರಿಯ ಕುಲುಮೆಗೆ ಇಟ್ಟರೆ, ದ್ರಾವಣ ಕುದಿದು, ನೊರೆಯೆದ್ದು, ತಾನೇ ಹೊತ್ತಿಕೊಂಡು ನಿಮಿಷಗಳಲ್ಲಿ ನಯವಾದ ಆಕ್ಸೈಡ್ ಪುಡಿಯಾಗುತ್ತದೆ. ಯೂರಿಯಾ ಎಂದರೆ ಸೊಸೈಟಿಯಲ್ಲಿ ಸಿಗುವ ಗೊಬ್ಬರವೇ. ಗಂಟೆಗಟ್ಟಲೆ ಸಾವಿರಾರು ಡಿಗ್ರಿಯಲ್ಲಿ ಬೇಯಿಸುವ ಹಳೆಯ ದಾರಿಯ ಎದುರು ಇದು ಎಷ್ಟು ಸುಲಭವೆಂದರೆ, ಒಂದು ಸಾಮಾನ್ಯ ಕುಲುಮೆ ಇರುವ ಕಾಲೇಜೂ ಆಕ್ಸೈಡ್ ಸಂಶೋಧನೆಗೆ ಇಳಿಯಬಹುದಾಯಿತು. ರಾಜ್ಯದ ಎಷ್ಟೋ ರಸಾಯನಶಾಸ್ತ್ರ, ಭೌತಶಾಸ್ತ್ರ ವಿಭಾಗಗಳ ಪಿಎಚ್.ಡಿ.ಗಳು ಈ ಹೊತ್ತಿಕೊಂಡ ಪುಡಿಯ ಮೇಲೆ ನಿಂತಿವೆ. ಇಂಧನಕೋಶಕ್ಕೆ ಬೇಕಾದ ಜಿರ್ಕೋನಿಯಾ, ಸೀರಿಯಾ, ಮ್ಯಾಂಗನೈಟ್ ಪುಡಿಗಳನ್ನೂ ಈ ಬಗೆಯಲ್ಲಿ ಮಾಡುತ್ತಾರೆ. ಬಡ ಪ್ರಯೋಗಾಲಯದ ಅಗತ್ಯವೂ ಒಳ್ಳೆಯ ರಸಾಯನಶಾಸ್ತ್ರವೂ ಕೂಡಿದಾಗ ಜಗತ್ತೇ ಬಳಸುವ ವಿಧಾನ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಪೂರ್ತಿ ಕೋಶದ ಗೊಂಚಲು ಕಟ್ಟುವುದನ್ನು ಕೋಲ್ಕತ್ತದ ಕೇಂದ್ರೀಯ ಗಾಜು ಮತ್ತು ಪಿಂಗಾಣಿ ಸಂಶೋಧನಾ ಸಂಸ್ಥೆಯಂಥವರಿಗೆ ಬಿಡೋಣ, ಅವರಿಗೆ ದಶಕಗಳ ಅನುಭವವಿದೆ. ಬಿಲ್ಲೆ ಗಾತ್ರದ ಕೋಶ, ಒಂದು ಕೊಳವೆ ಕುಲುಮೆ, ವಿದ್ಯುತ್ ತಡೆ ಅಳೆಯುವ ಉಪಕರಣ, ಊರಿನ ಬೂದಿ: ಇಷ್ಟಿದ್ದರೆ ವಿಷದ ಪ್ರಶ್ನೆಯನ್ನು ಇಲ್ಲೇ ಕೇಳಬಹುದು.

ಸಮಸ್ಯೆ ಉಪಕರಣದ್ದಲ್ಲ, ಬಹುಮಾನದ್ದು. ಕೃಷಿ ತ್ಯಾಜ್ಯದಿಂದ ಇಂಗಾಲ ಮಾಡಿ ಅದನ್ನು ವಿದ್ಯುತ್ ಹಿಡಿದಿಡುವ ಸೂಪರ್ ಕೆಪಾಸಿಟರಿಗೆ ಬಳಸುವ ಪ್ರಬಂಧಗಳು ಜಗತ್ತಿನಾದ್ಯಂತ ಸಾವಿರಗಟ್ಟಲೆ ಬಂದಿವೆ. ತೆಂಗಿನ ಚಿಪ್ಪು, ಅಡಿಕೆ ಸಿಪ್ಪೆ, ಬಾಳೆ ನಾರು, ಯಾವುದನ್ನೂ ಬಿಟ್ಟಿಲ್ಲ. ‘ತ್ಯಾಜ್ಯದಿಂದ ಸಂಪತ್ತು’ ಎಂಬ ಶೀರ್ಷಿಕೆ ಕೇಳಲು ಇಂಪು. ಒಳಗೆ ನೋಡಿದರೆ ಒಂದು ಪಾಲು ಇಂಗಾಲಕ್ಕೆ ಎರಡು, ಮೂರು, ಕೆಲವೊಮ್ಮೆ ನಾಲ್ಕು ಪಾಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಕಾಯಿಸಿ, ಆಮ್ಲದಲ್ಲಿ ತೊಳೆದಿರುತ್ತಾರೆ. ಅಳತೆ ಕೆಲವು ಮಿಲಿಗ್ರಾಂ ಪ್ರಮಾಣದ್ದು. ಅಂಕಿ ದೊಡ್ಡದು ಬರುತ್ತದೆ, ಪತ್ರಿಕೆ ಅಚ್ಚು ಮಾಡುತ್ತದೆ, ಬಡ್ತಿ ಸಿಗುತ್ತದೆ. ಆ ಸಿಪ್ಪೆಯ ಪುಕ್ಕಟೆ ಬೆಲೆಯನ್ನು ಅದರ ಮೇಲೆ ಸುರಿದ ರಾಸಾಯನಿಕ ಯಾವಾಗಲೋ ನುಂಗಿರುತ್ತದೆ. ಸೋಡಿಯಂ ಬ್ಯಾಟರಿಗೆ ಬೇಕಾದ ಗಟ್ಟಿ ಇಂಗಾಲಕ್ಕೆ ಇಷ್ಟು ರಾಸಾಯನಿಕ ಬೇಡವಾದ್ದರಿಂದ ಅಲ್ಲಿ ಸಿಪ್ಪೆ, ದಿಂಡುಗಳಿಗೆ ಒಂದು ನಿಜವಾದ ಅವಕಾಶವಿದೆ, ಅದನ್ನು ಅಲ್ಲಗಳೆಯಲಾರೆ. ಬಿಸಿ ಕೋಶದ ಪ್ರಬಂಧಗಳಲ್ಲೂ ದೊಡ್ಡ ಅಂಕಿಯ ಇದೇ ಚಾಳಿ: ಪೆರೋವ್‌ಸ್ಕೈಟ್ ಎಂಬ ಬಗೆಯ ಹೊಸ ಆಕ್ಸೈಡ್, ಶುದ್ಧ ಹೈಡ್ರೋಜನ್, ನೂರು ಗಂಟೆಯ ಪರೀಕ್ಷೆ. ಒಂದು ವರ್ಷಕ್ಕೆ 8,760 ಗಂಟೆ. ಮಾರುಕಟ್ಟೆ ಕೇಳುವುದು ಕನಿಷ್ಠ 40,000 ಗಂಟೆ. ‘ಈ ಕೋಶ ಹೊನ್ನಾಳಿಯ ಹೊಟ್ಟಿನ ಅನಿಲದಲ್ಲಿ 900 ಗಂಟೆಗೆ ಸತ್ತಿತು, ಸತ್ತದ್ದು ಹೀಗೆ’ ಎಂಬ ವರದಿಗೆ ಇವತ್ತಿನ ಲೆಕ್ಕಾಚಾರದಲ್ಲಿ ಅಂಕವಿಲ್ಲ. ನನ್ನ ಮಟ್ಟಿಗೆ ಹತ್ತು ದಾಖಲೆಗಳಿಗಿಂತ ಅಂಥ ಒಂದು ಮರಣ ವರದಿ ಮೇಲು.

ಇನ್ನೂ ಮೂರು ಆಕ್ಷೇಪಗಳಿವೆ. ಬೆಳೆಯ ಉಳಿಕೆಯನ್ನೆಲ್ಲ ಯಂತ್ರಕ್ಕೆ ಹಾಕಿದರೆ ಮಣ್ಣಿಗೇನು, ದನಕ್ಕೇನು? ಸರಿಯಾದ ಪ್ರಶ್ನೆ. ಜಗಳೂರಿನಲ್ಲಿ ಮೆಕ್ಕೆಜೋಳದ ಸಪ್ಪೆ ಬೇಸಿಗೆಯ ಮೇವು, ಅದನ್ನು ಮುಟ್ಟಕೂಡದು. ತೋಟದೊಳಗೆ ಕೊಳೆತು ಗೊಬ್ಬರವಾಗುವ ಸೋಗೆ, ಸಿಪ್ಪೆಯನ್ನೂ ಮುಟ್ಟಕೂಡದು. ಮಾತು ಮನೆ ಅಂಗಳದಲ್ಲಿ, ಖೇಣಿದಾರರ ಕಣದಲ್ಲಿ ಒಟ್ಟುಗೂಡಿ ರಸ್ತೆಗೆ ಬೀಳುವ ಸಿಪ್ಪೆಯದು, ದನ ಮೂಸದ ದಿಂಡಿನದು. ಯಂತ್ರದಲ್ಲಿ ಉಳಿದ ಪೊಟ್ಯಾಸಿಯಂ ಬೂದಿ ತೋಟಕ್ಕೆ ಹಿಂದಿರುಗಲೇಬೇಕು. ಎರಡನೆಯದು ತಾಂತ್ರಿಕ: ಪಿಂಗಾಣಿಯ ಕೋಶವನ್ನು ಪದೇಪದೇ ಆರಿಸಿ ಹೊತ್ತಿಸಿದರೆ ಸೀಳುತ್ತದೆ, ಅಡಿಕೆಯಾದರೋ ಆಗಸ್ಟ್‌ನಿಂದ ಜನವರಿಯವರೆಗಿನ ವ್ಯಾಪಾರ. ಈ ತೊಡಕಿಗೆ ಪೂರ್ಣ ಉತ್ತರವಿಲ್ಲ. ಉಳಿದ ತಿಂಗಳುಗಳಲ್ಲಿ ಅದೇ ಘಟಕ ಒಟ್ಟಿಟ್ಟ ದಿಂಡಿನಿಂದ ಶೀತಲಗೃಹಕ್ಕೋ ಅಕ್ಕಿ ಗಿರಣಿಗೋ ಓಡಬೇಕು, ಇಲ್ಲವೇ ಲೋಹದ ತಳದ ಮೇಲೆ ಪಿಂಗಾಣಿ ಹಚ್ಚಿದ, ಆರುನೂರು ಡಿಗ್ರಿ ಆಸುಪಾಸಿನ ಹೊಸ ಬಗೆಯ ಕೋಶಗಳಿಗೆ ಕಾಯಬೇಕು. ಮೂರನೆಯದು ಬೆಲೆ. ಬಿಸಿ ಕೋಶ ಇವತ್ತಿಗೂ ಡೀಸೆಲ್ ಜನರೇಟರಿನ ಹಲವು ಪಟ್ಟು ದುಬಾರಿ. ಅದಕ್ಕಾಗಿಯೇ ಇದು ಸದ್ಯಕ್ಕೆ ಸಂಶೋಧನೆಯ ವಿಷಯ, ಸಬ್ಸಿಡಿ ಯೋಜನೆಯದಲ್ಲ. ನಾಳೆ ಯಾರಾದರೂ ಗ್ರಾಮ ಪಂಚಾಯ್ತಿಗೊಂದು ಇಂಧನಕೋಶ ಎಂದು ಘೋಷಿಸಿದರೆ ಮೊದಲು ವಿರೋಧಿಸಬೇಕಾದವರು ಇದನ್ನು ಬಲ್ಲವರೇ.

ಹಸಿರು ಹೈಡ್ರೋಜನ್ ಬಗ್ಗೆಯೂ ಒಂದು ಮಾತು. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. ಜಗಳೂರಿನ ಗಾಳಿಯಿಂದ ನೀರು ಒಡೆದು ಹೈಡ್ರೋಜನ್ ಮಾಡಬಹುದು, ಬಿಸಿ ಕೋಶವನ್ನೇ ಹಿಂದುಮುಂದಾಗಿ ಓಡಿಸಿದರೆ ಕಡಿಮೆ ವಿದ್ಯುತ್ತಿನಲ್ಲೇ ಮಾಡಬಹುದು ಎಂಬ ಮಾತಿದೆ. ತುಂಗಭದ್ರೆಯಿಂದ 57 ಕೆರೆಗಳಿಗೆ ನೀರು ತುಂಬಿಸಿಕೊಳ್ಳಲು ಹೋರಾಡಿದ ತಾಲ್ಲೂಕಿನಲ್ಲಿ ನೀರು ಒಡೆಯುವುದೇ ಎಂದು ಹುಬ್ಬೇರಿಸುವವರ ಆತಂಕಕ್ಕೆ ಆಧಾರ ಕಮ್ಮಿ. ಕಿಲೋ ಹೈಡ್ರೋಜನ್ನಿಗೆ ಒಡೆಯುವುದು ಒಂಬತ್ತು ಲೀಟರ್ ನೀರು, ಒಂದು ಟನ್ನಿಗೂ ಒಂದೆರಡು ಟ್ಯಾಂಕರಿನ ಮಾತು. ನಿಜವಾದ ತಕರಾರು ಬೇರೆ. ವಿದ್ಯುತ್ತನ್ನು ಹೈಡ್ರೋಜನ್ ಮಾಡಿ ಮತ್ತೆ ವಿದ್ಯುತ್ ಮಾಡುವಷ್ಟರಲ್ಲಿ ನೂರರಲ್ಲಿ ಅರವತ್ತು ಯೂನಿಟ್ ದಾರಿಯಲ್ಲೇ ಕಳೆದಿರುತ್ತದೆ. ಇದರ ಎದುರು ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ದಾಸಪ್ಪ ಅವರ ತಂಡದ ದಾರಿ ನಮ್ಮ ಸೀಮೆಗೆ ಹೆಚ್ಚು ಒಗ್ಗುತ್ತದೆ: ಕೃಷಿ ಉಳಿಕೆಯನ್ನು ಆಮ್ಲಜನಕ, ಹಬೆ ಕೊಟ್ಟು ಅನಿಲವಾಗಿಸಿ, ಕಿಲೋ ಒಣ ಇಂಧನಕ್ಕೆ ನೂರು ಗ್ರಾಂ ಹೈಡ್ರೋಜನ್ ಪಡೆದದ್ದನ್ನು ಅವರು ತೋರಿಸಿದ್ದಾರೆ. ಆ ಕಿಲೋದೊಳಗೆ ಇರುವ ಹೈಡ್ರೋಜನ್ನೇ ಅರವತ್ತು ಗ್ರಾಂ; ಉಳಿದದ್ದು ಹಬೆಯಿಂದ ಬಂದದ್ದು.

ಇನ್ನು, ಮೊದಲ ಘಟಕ ಯಾರ ಅಂಗಳದಲ್ಲಿ ಕೂರಬೇಕು ಎಂಬ ಪ್ರಶ್ನೆ. ಸರ್ಕಾರಿ ಕಚೇರಿಯಲ್ಲಂತೂ ಬೇಡ. ಅಡಿಕೆಯವರ ಸಹಕಾರ ಸಂಘಗಳಿಗೆ ತೂಕ, ಗೋದಾಮು, ಸದಸ್ಯರ ಲೆಕ್ಕ, ಹಂಗಾಮಿನ ಹಣದ ಓಡಾಟ ಎಲ್ಲ ಗೊತ್ತು. ಅಂಥ ಸಂಘಗಳಲ್ಲಿ ಚನ್ನಗಿರಿಯ ತುಮ್ಕೋಸ್ ಈ ಸೀಮೆಯಲ್ಲಿ ಮನೆಮಾತು. ಅಡಿಕೆ ತೂಗುವಲ್ಲೇ ಸಿಪ್ಪೆಯನ್ನೂ ತೂಗಬಹುದು, ಸದಸ್ಯನ ಖಾತೆಗೆ ಅದರ ಬದಲು ಬೇಯಿಸುವ ಕಾವನ್ನು ಜಮಾ ಮಾಡಬಹುದು. ಐದಾರು ಕಿಲೋವಾಟಿನ ಕೋಶ, ಅದರ ಹಿಂದೊಂದು ಹಂಡೆ, ಪಕ್ಕದಲ್ಲಿ ಏರಿಳಿತ ತಡೆಯುವ ಸಣ್ಣ ಬ್ಯಾಟರಿ, ಸಿಪ್ಪೆಯ ಇಟ್ಟಿಗೆ ಒತ್ತುವ ಯಂತ್ರ, ಪ್ರತಿ ವಾರ ಸೋಸುಪಾತ್ರೆಯ ಬೂದಿಯನ್ನು ಶಿವಗಂಗೋತ್ರಿಗೆ ಒಯ್ಯುವ ಒಬ್ಬ ಸಂಶೋಧನಾ ವಿದ್ಯಾರ್ಥಿ. ಕೋಶ ಮೊದಲ ಹಂಗಾಮಿನಲ್ಲೇ ಕೆಡಬಹುದು. ಕೆಟ್ಟ ದಿನ ಹಂಡೆ ತಣ್ಣಗಾಗದಂತೆ ಅನಿಲವನ್ನು ನೇರವಾಗಿ ಒಲೆಗೆ ತಿರುಗಿಸುವ ಒಂದು ವಾಲ್ವು ಮಾತ್ರ ಮೊದಲ ದಿನದಿಂದಲೇ ಇರಬೇಕು. ರೈತನ ಅಡಿಕೆ ಪ್ರಯೋಗಾಲಯದ ಫಲಿತಾಂಶಕ್ಕೆ ಕಾಯುವುದಿಲ್ಲ.